ಸೋವಿ ಚೀಲ, ತುಟ್ಟಿ ಗೊಬ್ಬರ: ಡಿಎಪಿಗೆ ಬದಲಿ ಆರಿಸುವ ಮುನ್ನ ಮಾಡಬೇಕಾದ ಲೆಕ್ಕ

ಹಿಂಗಾರಿ ಹದ ಯಾರಿಗೂ ಕಾಯುವುದಿಲ್ಲ. ವಿಜಯಪುರ, ಬಾಗಲಕೋಟೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಕಡಲೆ, ಜೋಳ ಬಿತ್ತಲು ಸಿಗುವುದು ಕೆಲವೇ ದಿನ. ಅದೇ ದಿನಗಳಲ್ಲಿ ಅಂಗಡಿಯವರು ಡಿಎಪಿ, ಅಂದರೆ ಸಾರಜನಕ ಮತ್ತು ರಂಜಕ ಎರಡೂ ಇರುವ ಗೊಬ್ಬರ, ಇಲ್ಲ ಅಂತಾರೆ. ಇದ್ದರೂ ಜೊತೆಗೆ ಇನ್ನೊಂದು ಡಬ್ಬಿಯನ್ನೋ ಬಾಟಲಿಯನ್ನೋ ಕಟ್ಟುತ್ತಾರೆ. ಆಗ ರೈತರು ಸಾಮಾನ್ಯವಾಗಿ ಮೂರರಲ್ಲೊಂದು ಮಾಡುತ್ತಾರೆ: ಎರಡು ಮೂರು ಪೋಷಕಾಂಶ ಕೂಡಿದ, ಸಿಕ್ಕಿದ ಕಾಂಪ್ಲೆಕ್ಸ್ ಚೀಲ ತರುತ್ತಾರೆ, ಸೋವಿ ಅಂತ ಇನ್ನೊಂದು ಚೀಲ ಯೂರಿಯಾ ಸುರಿಯುತ್ತಾರೆ, ಇಲ್ಲವೇ ಹೆಸರಿನಲ್ಲಿ ಮಾತ್ರ ಡಿಎಪಿ ಇರುವ ಯಾವುದೋ ‘ಜೈವಿಕ’ ಚೀಲ ಹೊತ್ತು ತರುತ್ತಾರೆ. ಈ ಮೂರೂ ಒಂದೊಂದು ರೀತಿಯಲ್ಲಿ ಕೈ ಸುಡುತ್ತವೆ. ಚೀಲದ ಬೆಲೆ ಒಂದು, ಚೀಲದೊಳಗಿನ ಪೋಷಕಾಂಶದ ಕೆಜಿ ಬೆಲೆ ಇನ್ನೊಂದು. ಎರಡನೆಯದನ್ನು ಲೆಕ್ಕ ಹಾಕದೆ ಸೋವಿ ಯಾವುದು, ತುಟ್ಟಿ ಯಾವುದು ಅಂತ ಹೇಳಲು ಬರುವುದಿಲ್ಲ.

ಮೊದಲು ಕೆಜಿ ಲೆಕ್ಕ

ಚೀಲದ ಮೇಲಿನ ಅಂಕಿಗಳು ಶೇಕಡಾವಾರು. ಡಿಎಪಿ 18:46 ಅಂದರೆ 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಯೂರಿಯಾದ 45 ಕೆಜಿ ಚೀಲದಲ್ಲಿ 20.7 ಕೆಜಿ ಸಾರಜನಕ. ಸಿಂಗಲ್ ಸೂಪರ್ ಫಾಸ್ಫೇಟ್, ಅಂದರೆ ಅಂಗಡಿಯವರು ‘ಸೂಪರ್’ ಅನ್ನುವ ಎಸ್‌ಎಸ್‌ಪಿಯ 50 ಕೆಜಿ ಚೀಲದಲ್ಲಿ 8 ಕೆಜಿ ರಂಜಕ, 5.5 ಕೆಜಿ ಗಂಧಕ, ಜೊತೆಗೆ ಸುಣ್ಣದ ಅಂಶ. 20:20:0:13ರಲ್ಲಿ 10 ಕೆಜಿ ಸಾರಜನಕ, 10 ಕೆಜಿ ರಂಜಕ, 6.5 ಕೆಜಿ ಗಂಧಕ. 10:26:26ರಲ್ಲಿ 5 ಕೆಜಿ ಸಾರಜನಕ, 13 ಕೆಜಿ ರಂಜಕ, 13 ಕೆಜಿ ಪೊಟ್ಯಾಷ್.

ಯೂರಿಯಾ ಚೀಲ 266.50 ರೂಪಾಯಿ ಅಂದರೆ ಒಂದು ಕೆಜಿ ಸಾರಜನಕಕ್ಕೆ ಸುಮಾರು 13 ರೂಪಾಯಿ ಬಿತ್ತು. ಇದಕ್ಕಿಂತ ಸೋವಿಯಾಗಿ ಸಾರಜನಕ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಬೇರೆ ಯಾವ ಚೀಲದ ಲೆಕ್ಕ ಹಾಕುವಾಗಲೂ ಅದರ ಸಾರಜನಕಕ್ಕೆ ಕೆಜಿಗೆ 13ರಂತೆ ಕಳೆದು, ಉಳಿದ ಹಣವನ್ನು ರಂಜಕದ ಕೆಜಿಯಿಂದ ಭಾಗಿಸಬೇಕು. ಡಿಎಪಿ 1,350ಕ್ಕೆ ಸಿಕ್ಕರೆ: 1,350ರಲ್ಲಿ 117 ಕಳೆದರೆ 1,233, ಅದನ್ನು 23ರಿಂದ ಭಾಗಿಸಿದರೆ ಕೆಜಿ ರಂಜಕಕ್ಕೆ ಸುಮಾರು 54 ರೂಪಾಯಿ.

ಈಗ ಎಸ್‌ಎಸ್‌ಪಿ. ಚೀಲಕ್ಕೆ 550 ಅಂದರೆ ಕೆಜಿ ರಂಜಕಕ್ಕೆ ಸುಮಾರು 69 ರೂಪಾಯಿ! ಚೀಲ ಅರ್ಧಕ್ಕಿಂತ ಕಡಿಮೆ ಬೆಲೆಯದು, ರಂಜಕ ಮಾತ್ರ ತುಟ್ಟಿ. ‘ಡಿಎಪಿ ಬದಲು ಮೂರು ಚೀಲ ಸೂಪರ್, ಒಂದು ಚೀಲ ಯೂರಿಯಾ ಹಾಕಿ, ಖರ್ಚು ಉಳಿಯುತ್ತದೆ’ ಎಂಬ ಮಾತು ಸೂಪರ್ ಚೀಲ ಮುನ್ನೂರು ಚಿಲ್ಲರೆಗೆ ಸಿಗುತ್ತಿದ್ದ ಕಾಲದ್ದು. ಮೇಲಿನ ಬೆಲೆ ಹಾಕಿ ನೋಡಿದರೆ 24 ಕೆಜಿ ರಂಜಕಕ್ಕೆ ಮೂರು ಚೀಲ ಸೂಪರ್ 1,650, ಡಿಎಪಿಯಲ್ಲಿದ್ದಷ್ಟೇ ಸಾರಜನಕ ಸರಿದೂಗಿಸಲು ಸುಮಾರು 20 ಕೆಜಿ ಯೂರಿಯಾಕ್ಕೆ 118, ಒಟ್ಟು 1,768. ಮುದ್ರಿತ ಬೆಲೆಗೆ ಸಿಕ್ಕ ಡಿಎಪಿಗಿಂತ ಇದು ತುಟ್ಟಿ. ಅಂದಹಾಗೆ, ಆ ಹಳೆಯ ಮಾತಿನಲ್ಲಿ ಯೂರಿಯಾ ಪೂರ್ತಿ ಚೀಲ ಇದೆ. ಡಿಎಪಿಗೆ ಸಮ ಆಗಲು ಅರ್ಧ ಚೀಲಕ್ಕಿಂತ ಕಡಿಮೆ ಸಾಕು.

ಹಾಗಾದರೆ ಎಸ್‌ಎಸ್‌ಪಿ ಬಿಟ್ಟೇಬಿಡಬೇಕೇ? ಬೇಡ. ಎರಡು ಸಂದರ್ಭದಲ್ಲಿ ಅದು ಗೆಲ್ಲುತ್ತದೆ. ಡಿಎಪಿ ಜೊತೆ 300 ರೂಪಾಯಿಯ ಬೇಡದ ಮಾಲು ಕಟ್ಟಿದರೆ ಆ ಡಿಎಪಿಯ ನಿಜವಾದ ಬೆಲೆ 1,650. ಆಗ ಕೆಜಿ ರಂಜಕ 67ಕ್ಕೆ ಏರಿ ಸೂಪರ್‌ಗೆ ಹೆಚ್ಚುಕಡಿಮೆ ಸಮ ಆಗುತ್ತದೆ, ಸೂಪರ್‌ನ ಗಂಧಕ ಪುಕ್ಕಟೆ ಬಂದಂತೆ. ಎರಡನೆಯದು ಬೆಳೆಯ ಮಾತು. ಶೇಂಗಾ, ಸೂರ್ಯಕಾಂತಿ, ಕುಸುಬಿ, ಸೋಯಾ, ಉಳ್ಳಾಗಡ್ಡಿ, ತೊಗರಿ, ಕಡಲೆ ಇವೆಲ್ಲ ಗಂಧಕ ಬೇಡುವ ಬೆಳೆಗಳು. ವರ್ಷಗಟ್ಟಲೆ ಬರೀ ಡಿಎಪಿ ಕಂಡ ಹೊಲದಲ್ಲಿ ಗಂಧಕ ಕೊರತೆ ಬಿದ್ದಿರುವುದು ಸಾಮಾನ್ಯ. ಎಳೆಯ ಎಲೆ ಮೊದಲು ಹಳದಿಯಾದರೆ ಗಂಧಕದ ಅನುಮಾನ ಪಡಬೇಕು. ಸಾರಜನಕದ ಕೊರತೆಯಲ್ಲಿ ಹಳೆಯ, ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ.

ಗಂಧಕವೇ ಬೇಕೆಂದು 20:20:0:13 ತರುವವರು ಈ ಲೆಕ್ಕ ನೋಡಬೇಕು. ಚೀಲ 1,300 ಆಗಿದ್ದರೆ ಸಾರಜನಕಕ್ಕೆ 130, ರಂಜಕಕ್ಕೆ ಡಿಎಪಿ ದರದಲ್ಲೇ 540 ಕಳೆದರೂ 630 ಉಳಿಯುತ್ತದೆ. ಅದು 6.5 ಕೆಜಿ ಗಂಧಕದ ಬೆಲೆ, ಅಂದರೆ ಕೆಜಿಗೆ 97 ರೂಪಾಯಿ. ಇದೇ ಲೆಕ್ಕದಲ್ಲಿ 550ರ ಸೂಪರ್‌ನಲ್ಲಿ ಗಂಧಕ ಕೆಜಿಗೆ ಸುಮಾರು 21ಕ್ಕೆ ಬೀಳುತ್ತದೆ. 20:20 ಕೆಟ್ಟ ಗೊಬ್ಬರವಲ್ಲ. ಗೋವಿನಜೋಳಕ್ಕೆ, ನೀರಾವರಿ ಗೋಧಿಗೆ ಸಾರಜನಕವೂ ಬೇಕಿರುವುದರಿಂದ ಹೊಂದುತ್ತದೆ. ತನ್ನ ಸಾರಜನಕವನ್ನು ಬೇರಿನ ಗಂಟಿನಲ್ಲಿ ತಾನೇ ಮಾಡಿಕೊಳ್ಳುವ ಕಡಲೆಗೆ ಅದು ದುಡ್ಡು ಕೊಟ್ಟು ಬೇಡದ್ದನ್ನು ತಂದ ಹಾಗೆ.

10:26:26 ಬಗ್ಗೆ ಹೇಳುವುದು ಇಷ್ಟೇ: ಎರಿ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಒಣಬೇಸಾಯದ ಜೋಳ, ಕಡಲೆಗೆ ಆ 13 ಕೆಜಿ ಪೊಟ್ಯಾಷ್ ಹಾಕಿ ಕಾಣುವ ಲಾಭ ಕಡಿಮೆ. ಕಬ್ಬು, ದ್ರಾಕ್ಷಿ, ದಾಳಿಂಬೆ, ಬಾಳೆಗೆ ಬೇರೆ ಮಾತು.

ಮೇಲಿನ ಬೆಲೆಗಳಲ್ಲಿ ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ. ಲೆಕ್ಕದ ದಾರಿ ಬದಲಾಗುವುದಿಲ್ಲ.

ಸೂಪರ್ ಹಾಕುವಾಗ ಎಡವುವ ಜಾಗಗಳು

ಸೂಪರ್ ಎರಡು ರೂಪದಲ್ಲಿ ಬರುತ್ತದೆ, ಪುಡಿ ಮತ್ತು ಹರಳು. ಪುಡಿ ಸ್ವಲ್ಪ ಸೋವಿ. ಆದರೆ ತೇವ ಹಿಡಿದು ಗಟ್ಟಿಯಾಗಿ ಕೂರಿಗೆಯ ಕೊಳವೆ ಕಟ್ಟಿಕೊಳ್ಳುತ್ತದೆ. ಟ್ರ್ಯಾಕ್ಟರ್ ಕೂರಿಗೆಯಾದರೆ ಹರಳೇ ತನ್ನಿ. ಎರಡು ಸಾಲು ಗೊಬ್ಬರವಿಲ್ಲದೆ ಹೋದದ್ದು ಬೆಳೆ ಮೊಣಕಾಲೆತ್ತರ ಬಂದ ಮೇಲೇ ಗೊತ್ತಾಗುವುದು.

ಸೂಪರ್ ಮತ್ತು ಯೂರಿಯಾ ಬೆರೆಸಿ ಇಡಬೇಡಿ. ಎರಡೂ ಕೂಡಿದರೆ ನೀರೊಡೆದು ಅಂಟಂಟಾಗುತ್ತದೆ. ಬೆರೆಸಲೇಬೇಕೆಂದರೆ ಹಾಕುವ ಹೊತ್ತಿಗೆ ಬೆರೆಸಿ ಅಂದೇ ಮುಗಿಸಿ. ಯೂರಿಯಾ ಬೀಜದ ಸಾಲಿನಲ್ಲೇ ಬಿದ್ದರೆ ಮೊಳಕೆ ಸುಡುತ್ತದೆ, ತೇವ ಕಡಿಮೆ ಇರುವ ಹಿಂಗಾರಿಯಲ್ಲಿ ಇನ್ನೂ ಬೇಗ. ಕಡಲೆಗೆ ಯೂರಿಯಾ ಸೇರಿಸುವ ಗೋಜಿಗೆ ಹೋಗದಿದ್ದರೂ ದೊಡ್ಡ ನಷ್ಟವಿಲ್ಲ, ಬೀಜಕ್ಕೆ ಬೇರುಗಂಟಿನ ಜೀವಾಣು ರೈಜೋಬಿಯಂ ಲೇಪಿಸಿದ್ದರೆ. ಜಿಂಕ್ ಸಲ್ಫೇಟ್ ಅನ್ನು ಡಿಎಪಿ ಅಥವಾ ಸೂಪರ್ ಜೊತೆ ಬೆರೆಸಿದರೆ ಜಿಂಕ್ ಕರಗದ ರೂಪಕ್ಕೆ ಹೋಗುತ್ತದೆ. ಅದನ್ನು ಪ್ರತ್ಯೇಕವಾಗಿ, ಆದರೆ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ ಹಾಕುವುದು ಒಳ್ಳೆಯದು.

ಮೂರು ಚೀಲ ಅಂದರೆ 150 ಕೆಜಿ. ಸಾಗಣೆ, ಹಮಾಲಿ, ಕೂರಿಗೆಗೆ ಮತ್ತೆ ಮತ್ತೆ ತುಂಬುವ ಹೊತ್ತು ಇವೂ ಖರ್ಚೇ.

ಮತ್ತೆ, ರಂಜಕವನ್ನು ಎರಚಬೇಡಿ. ನಮ್ಮ ಎರಿ ಮಣ್ಣಿನಲ್ಲಿ ಸುಣ್ಣ ಹೆಚ್ಚು, ರಸಸಾರ (ಪಿಎಚ್) 8ರ ಮೇಲೆ. ಎರಚಿದ ರಂಜಕ ಸುಣ್ಣದ ಜೊತೆ ಕಟ್ಟಿಕೊಂಡು ಅಲ್ಲೇ ಕೂಡುತ್ತದೆ. ಬೀಜಕ್ಕಿಂತ ಎರಡು ಬೆರಳು ಕೆಳಗೆ, ಪಕ್ಕದಲ್ಲಿ, ಪಟ್ಟಿಯಾಗಿ ಬೀಳಬೇಕು. ಬೀಜ, ಗೊಬ್ಬರ ಎರಡಕ್ಕೂ ಬೇರೆ ಬೇರೆ ಕೊಳವೆಯಿರುವ ಕೂರಿಗೆಯ ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೊಡಬಹುದು.

‘ಜೈವಿಕ ಡಿಎಪಿ’ಯ ಹೆಸರಿನ ಚೀಲಗಳು

ರಂಜಕಯುಕ್ತ ಸಾವಯವ ಗೊಬ್ಬರ, ಅಂದರೆ ‘ಪ್ರಾಮ್’, ಸರಕಾರದ ಗೊಬ್ಬರ ನಿಯಂತ್ರಣ ಆದೇಶದಲ್ಲಿ ಇರುವ ವಸ್ತುವೇ. ಅದರಲ್ಲಿ ಕನಿಷ್ಠ ಶೇ 10.4 ರಂಜಕ ಇರಬೇಕು. ಆದರೆ ಆ ರಂಜಕ ಬಹುತೇಕ ಶಿಲಾರಂಜಕದಿಂದ ಬರುವುದು, ಅದು ಕರಗಲು ಹುಳಿ ಮಣ್ಣು ಬೇಕು. ಖಾನಾಪುರದ ಮಳೆನಾಡ ಕೆಂಪು ಮಣ್ಣಿನಲ್ಲಿ, ಭತ್ತದ ಗದ್ದೆಯಲ್ಲಿ ಅದಕ್ಕೆ ಅರ್ಥವಿದೆ. ಸಿಂದಗಿ, ಇಂಡಿ, ಹುನಗುಂದದ ಸುಣ್ಣದ ಎರಿಯಲ್ಲಿ ಅದೇ ಚೀಲ ನಾಲ್ಕು ತಿಂಗಳ ಬೆಳೆಗೆ ಕೆಲಸಕ್ಕೆ ಬರುವುದು ಕಷ್ಟ. ಒಂದು ತಾಲೂಕಿನ ಸಲಹೆ ಇನ್ನೊಂದು ತಾಲೂಕಿಗೆ ಹೊಂದದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಚೀಲದ ಮೇಲೆ ಶೇಕಡಾವಾರು ಅಂಕಿಯೇ ಇಲ್ಲ, ‘ಮಣ್ಣು ಸುಧಾರಕ’ ಅಂತ ಮಾತ್ರ ಇದೆ ಅಂದರೆ ಲೆಕ್ಕ ಹಾಕಲು ಏನೂ ಇಲ್ಲ. ಬಿಟ್ಟುಬಿಡಿ. ಕರಿ ಹರಳು ಡಿಎಪಿಯೇ ಹೌದೋ ಅಲ್ಲವೋ ನೋಡಲು ನಾಲ್ಕು ಕಾಳು ಅಂಗೈಯಲ್ಲಿಟ್ಟು ವೀಳ್ಯದೆಲೆಗೆ ಹಚ್ಚುವ ಸುಣ್ಣದ ಜೊತೆ ತಿಕ್ಕಿದರೆ ಮೂಗು ಉರಿಯುವ ಅಮೋನಿಯಾ ವಾಸನೆ ಬರಬೇಕು. ಅದೇ ಹರಳನ್ನು ಬಿಸಿ ತವೆಯ ಮೇಲೆ ಹಾಕಿದರೆ ಉಬ್ಬುತ್ತದೆ; ಸೂಪರ್ ಹರಳು ಉಬ್ಬುವುದಿಲ್ಲ. ಇದು ಪ್ರಯೋಗಾಲಯಕ್ಕೆ ಸಮವಲ್ಲ, ಆದರೆ ಹಸೀ ಮೋಸ ಸಿಕ್ಕಿಬೀಳುತ್ತದೆ. ಹೆಬ್ಬೆಟ್ಟು ಯಂತ್ರದ ರಸೀದಿ ಇಲ್ಲದೆ ಚೀಲ ಎತ್ತಬೇಡಿ; ಬೇಡದ ಮಾಲು ಕಟ್ಟಿದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಲು ಅದೇ ಆಧಾರ.

ಬಾಟಲಿಯೋ, ಚೀಲವೋ

ಎಲೆಗೆ ಸಿಂಪಡಿಸುವ ಬಾಟಲಿ ಗೊಬ್ಬರ ನ್ಯಾನೊ ಯೂರಿಯಾ 2021ರಲ್ಲಿ ಬಂತು. ಮೊದಲು ಬಂದ ಬಾಟಲಿಯಲ್ಲಿ ಶೇ 4 ಸಾರಜನಕ, ಅರ್ಧ ಲೀಟರಿಗೆ 20 ಗ್ರಾಂ. ಆಮೇಲೆ ಬಂದ ಶೇ 20ರದ್ದರಲ್ಲಿ ನೂರು ಗ್ರಾಂ ಚಿಲ್ಲರೆ. ಒಂದು ಚೀಲ ಯೂರಿಯಾದಲ್ಲಿ 20 ಕೆಜಿಗೂ ಮೇಲೆ. ಬಾಟಲಿಯ ಸಾರಜನಕ ಎಲೆಯಿಂದ ನೇರ ಒಳಹೋಗುತ್ತದೆ, ಹಾಳಾಗುವುದು ಕಡಿಮೆ ಎಂಬುದು ನಿಜವೆಂದೇ ಇಟ್ಟುಕೊಂಡರೂ ಗ್ರಾಂ ಎಲ್ಲಿ, ಕೆಜಿ ಎಲ್ಲಿ? ಸಾರಜನಕದ ಅರ್ಧವನ್ನು ಬಾಟಲಿಗೆ ಬದಲಾಯಿಸಿದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಭತ್ತ, ಗೋಧಿಯ ಇಳುವರಿ ಇಳಿದದ್ದು ವರದಿಯಾಗಿದೆ.

ಎಲೆಗೇ ಕೊಡಬೇಕೆಂದರೆ ಇದಕ್ಕಿಂತ ಸೋವಿ ದಾರಿ ಉಂಟು. 200 ಲೀಟರ್ ನೀರಿಗೆ 4 ಕೆಜಿ ಮಾಮೂಲಿ ಯೂರಿಯಾ ಕರಗಿಸಿದರೆ ಶೇ 2ರ ದ್ರಾವಣ. ಅದರಲ್ಲಿ 1,840 ಗ್ರಾಂ ಸಾರಜನಕ, ಖರ್ಚು 24 ರೂಪಾಯಿ. ಕಡಲೆ ಹೂ ಬಿಡುವಾಗ, ಕಾಯಿ ಕಟ್ಟುವಾಗ ತೇವ ಆರಿ ಬೇರು ಎಳೆಯಲಾರದ ಹೊತ್ತಿಗೆ ಇದು ಕೆಲಸ ಮಾಡುತ್ತದೆ. ಡಿಎಪಿ ಕೊಡುವುದಾದರೆ 4 ಕೆಜಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ತಿಳಿ ಸೋಸಿ 200 ಲೀಟರ್ ಮಾಡಬೇಕು. ಸೋಸದಿದ್ದರೆ ಪಂಪಿನ ನಾಜಲ್ ಕಟ್ಟುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಎಲೆಯಂಚು ಸುಡುತ್ತದೆ, ಸಂಜೆ ನಾಲ್ಕರ ಮೇಲೆ ಹೊಡೆಯಿರಿ.

ಯೂರಿಯಾ ಉಳಿಸುವ ದೊಡ್ಡ ದಾರಿ ಬಾಟಲಿಯಲ್ಲಿಲ್ಲ, ಮಣ್ಣಿನಲ್ಲಿದೆ. ರಸಸಾರ 8 ದಾಟಿದ ಮಣ್ಣಿನ ಮೇಲೆ ಎರಚಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಕಬ್ಬಿಗೆ ಬುಡದಲ್ಲಿ ಹಾಕಿ ಮಣ್ಣು ಮುಚ್ಚಿ, ಆಮೇಲೆ ನೀರು ಬಿಡಿ. ಜೋಳಕ್ಕೆ, ಗೋವಿನಜೋಳಕ್ಕೆ ಎಡೆಕುಂಟೆ ಹೊಡೆಯುವ ಮುನ್ನ ಹಾಕಿ.

ತಿಪ್ಪೆ, ಕುರಿ, ಕಾರ್ಖಾನೆಯ ಮಡ್ಡಿ

ಚೆನ್ನಾಗಿ ಕೊಳೆತ ಒಂದು ಟನ್ ತಿಪ್ಪೆ ಗೊಬ್ಬರದಲ್ಲಿ ಸುಮಾರು 5 ಕೆಜಿ ಸಾರಜನಕ, 2 ಕೆಜಿ ರಂಜಕ, 5 ಕೆಜಿ ಪೊಟ್ಯಾಷ್. ಮೂರು ಟನ್ನಿನ ಟ್ರ್ಯಾಲಿಯಲ್ಲಿ ರಂಜಕ ಬರೀ 6 ಕೆಜಿ. ಒಂದು ಚೀಲ ಡಿಎಪಿಯ ರಂಜಕಕ್ಕೆ ಸುಮಾರು ನಾಲ್ಕು ಟ್ರ್ಯಾಲಿ ಬೇಕು, ಸಾರಜನಕದಲ್ಲಿ ಮೊದಲ ವರ್ಷ ಸಿಗುವುದು ಮೂರನೇ ಒಂದು ಭಾಗದ ಹತ್ತಿರ. ಪೋಷಕಾಂಶದ ಲೆಕ್ಕದಲ್ಲೇ ನೋಡಿದರೆ ಟ್ರ್ಯಾಲಿಗೆ 4,000 ಕೊಟ್ಟು ಕೊಂಡ ತಿಪ್ಪೆ ಗೊಬ್ಬರ ಸೋಲುತ್ತದೆ. ಅದರ ಬೆಲೆ ಇರುವುದು ಬೇರೆ ಕಡೆ: ಮಣ್ಣು ತೇವ ಹಿಡಿಯುತ್ತದೆ, ಜಿಂಕ್ ಕಬ್ಬಿಣ ಕರಗಿ ಸಿಗುತ್ತವೆ, ಬಿರುಕು ಕಡಿಮೆ. ದನ ಇದ್ದವರು ಒಂದು ಬುಟ್ಟಿಯನ್ನೂ ಬಿಡಬಾರದು. ಕೊಳ್ಳುವವರು ಹೊಲಕ್ಕೆಲ್ಲ ತೆಳುವಾಗಿ ಎರಚುವ ಬದಲು ಪ್ರತಿ ವರ್ಷ ಮೂರನೇ ಒಂದು ಭಾಗಕ್ಕೆ ದಪ್ಪಗೆ ಹಾಕಿ ಮೂರು ವರ್ಷದಲ್ಲಿ ಸುತ್ತು ಮುಗಿಸಬಹುದು. ಬೇಸಿಗೆಯಲ್ಲಿ ಹೊಲದ ತುಂಬ ಗುಪ್ಪೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಬಿಸಿಲಿಗೆ ಸಾರ ಹಾರಿ ಬೂದಿಯಂಥದ್ದೇ ಉಳಿಯುತ್ತದೆ. ಅರೆಬರೆ ಕೊಳೆತದ್ದು ಕಸದ ಬೀಜವನ್ನೂ ಗೊಣ್ಣೆಹುಳುವನ್ನೂ ತರುತ್ತದೆ, ಕಬ್ಬಿನವರು ಇದರಲ್ಲಿ ಹುಷಾರು.

ಕುರಿ ಹಿಂಡು ತರುಬಿಸುವುದು, ಅಂದರೆ ರಾತ್ರಿ ಹೊಲದಲ್ಲೇ ನಿಲ್ಲಿಸುವುದು, ಇದಕ್ಕಿಂತ ಮೇಲು. ಹಿಕ್ಕೆಯಲ್ಲಿ ಸಾರ ಹೆಚ್ಚು, ಉಚ್ಚೆಯೂ ನೇರ ಹೊಲಕ್ಕೇ ಬೀಳುತ್ತದೆ, ಸಾಗಣೆ ಖರ್ಚಿಲ್ಲ. ಕುರಿಗಾರರ ಜೊತೆ ರಾತ್ರಿ ಲೆಕ್ಕದಲ್ಲಿ ಮಾತಾಡಿಕೊಂಡು, ಹಟ್ಟಿಯನ್ನು ದಿನಾ ಸರಿಸುವಂತೆ ಹೇಳಿ. ಹಿಂಡು ಎದ್ದ ಒಂದೆರಡು ದಿನದಲ್ಲಿ ಕುಂಟೆ ಹೊಡೆದು ಮಣ್ಣಿಗೆ ಸೇರಿಸದಿದ್ದರೆ ಅರ್ಧ ಸಾರ ವಾಸನೆಯಾಗಿ ಹೋಗುತ್ತದೆ.

ಜಮಖಂಡಿ, ಮುಧೋಳ, ರಾಯಬಾಗ, ಅಥಣಿ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಮಡ್ಡಿ, ಪ್ರೆಸ್‌ಮಡ್, ಹತ್ತಿರದಲ್ಲೇ ಇದೆ. ತಾಜಾ ಮಡ್ಡಿಯ ತೂಕದಲ್ಲಿ ಮೂರನೇ ಎರಡರಷ್ಟು ಬರೀ ನೀರು. ಕಾರ್ಖಾನೆಯಿಂದ ಹತ್ತು ಕಿಲೋಮೀಟರ್ ಒಳಗಾದರೆ ಸರಿ, ಐವತ್ತು ಕಿಲೋಮೀಟರ್ ತಂದರೆ ಡೀಸೆಲ್ ಸುಟ್ಟು ನೀರು ಸಾಗಿಸಿದಂತೆ. ತಾಜಾ ಮಡ್ಡಿಯನ್ನು ನೇರ ಸಾಲಿಗೆ ಹಾಕಬೇಡಿ. ಕಾವು ಏರಿ ಮೊಳಕೆ ಸಾಯುತ್ತದೆ. ಎರಡು ಮೂರು ತಿಂಗಳು ಗುಡ್ಡೆ ಹಾಕಿ, ನಡುವೆ ಎರಡು ಸಲ ಮಗುಚಿ, ಕಪ್ಪಗೆ ಪುಡಿಯಾಗಿ ಕೈಗೆ ತಣ್ಣಗೆ ಹತ್ತಿದ ಮೇಲೆ ಎಕರೆಗೆ ನಾಲ್ಕು ಟನ್ ಹಾಕಬಹುದು.

ಕಬ್ಬಿನ ರವದಿ (ಒಣಗಿದ ಎಲೆ) ಸುಡುವುದನ್ನು ಮಾತ್ರ ಸಮರ್ಥಿಸಲು ಆಗುವುದಿಲ್ಲ. ಎಕರೆಗೆ ಮೂರರಿಂದ ನಾಲ್ಕು ಟನ್ ರವದಿ ಬೀಳುತ್ತದೆ. ಅದರಲ್ಲಿರುವ ಸಾರಜನಕ ಹತ್ತಿರ ಹತ್ತಿರ 30 ಕೆಜಿ ಯೂರಿಯಾಕ್ಕೆ ಸಮ, ಬೆಂಕಿ ಇಟ್ಟರೆ ಅದು ಹೊಗೆ. ಕುಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ) ಕಬ್ಬಿನಲ್ಲಿ ಸಾಲು ಬಿಟ್ಟು ಸಾಲಿಗೆ ರವದಿ ಹಾಸಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ. ಟನ್ನಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್, 1 ಕೆಜಿ ಕೊಳೆಸುವ ಜೀವಾಣು ಪುಡಿ ಹಾಕಿ ತೇವ ಕಾಯ್ದರೆ ಕೊಳೆಯುತ್ತದೆ. ಯೂರಿಯಾ ಹಾಕದಿದ್ದರೆ ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ತಿಂದು ಕಬ್ಬು ಹಳದಿಯಾಗುತ್ತದೆ. ‘ರವದಿ ಹಾಸಿದರೆ ಕಬ್ಬು ಕೆಡುತ್ತದೆ’ ಎಂಬ ಮಾತು ಹುಟ್ಟಿದ್ದು ಬಹುಶಃ ಇದರಿಂದಲೇ. ನೀರು ನಿಲ್ಲುವ ಸವಳು ಹೊಲದಲ್ಲಿ ದಪ್ಪ ರವದಿ ಬೇಡ, ಬೇರಿಗೆ ಉಸಿರು ಕಟ್ಟುತ್ತದೆ.

ಜೀವಾಮೃತವನ್ನು ಗೊಬ್ಬರದ ಬದಲಿ ಅಂತ ಲೆಕ್ಕ ಹಾಕಬೇಡಿ. 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು ಎಲ್ಲ ಕೂಡಿಸಿದರೂ 200 ಲೀಟರಿನಲ್ಲಿ ಸಾರಜನಕ ಇನ್ನೂರು ಮುನ್ನೂರು ಗ್ರಾಂ. ಅದು ಜೀವಾಣುಗಳ ಹೆಪ್ಪು. ರವದಿ, ತಿಪ್ಪೆ ಇರುವ ಹೊಲದಲ್ಲಿ ಅದಕ್ಕೆ ಕೆಲಸವಿದೆ, ಬರಿ ಹೊಲದಲ್ಲಿ ಕಡಿಮೆ.

ಬೀಜ: ಮನೆಯದೋ, ಅಂಗಡಿಯದೋ

ಕಡಲೆ, ಗೋಧಿ, ಸೋಯಾ, ಮಾಲ್ದಂಡಿ ಜೋಳ: ಇವಕ್ಕೆ ಮನೆ ಬೀಜ ಸಾಕು. ತೊಗರಿಯಲ್ಲಿ ಪರಕೀಯ ಪರಾಗಸ್ಪರ್ಶ ಹೆಚ್ಚು, ಎರಡು ಮೂರು ವರ್ಷಕ್ಕೊಮ್ಮೆ ಬೀಜ ಬದಲಿಸಬೇಕು. ಹೈಬ್ರಿಡ್ ಗೋವಿನಜೋಳ, ಹೈಬ್ರಿಡ್ ಸೂರ್ಯಕಾಂತಿಯ ಕಾಳನ್ನು ಮತ್ತೆ ಬಿತ್ತಿ ಉಳಿಸಿದ ದುಡ್ಡು ಇಳುವರಿಯಲ್ಲಿ ಹೋಗುತ್ತದೆ.

ಬಿತ್ತುವ ಹತ್ತು ದಿನ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಹತ್ತರ ಸಾಲಿನಂತೆ ಇಟ್ಟು ಸುತ್ತಿ, ನೆರಳಲ್ಲಿ ತೇವ ಆರದಂತೆ ನೋಡಿಕೊಳ್ಳಿ. ಆರೇಳು ದಿನದ ಮೇಲೆ ಗಟ್ಟಿ ಮೊಳಕೆ ಎಣಿಸಿ. ಸೋಯಾದಲ್ಲಿ 70 ಬಂದರೆ ಎಂದಿನಂತೆ ಎಕರೆಗೆ 30 ಕೆಜಿ, 60 ಬಂದರೆ 35 ಕೆಜಿ, 50ಕ್ಕಿಂತ ಕಡಿಮೆಯಾದರೆ ಆ ಬೀಜ ಮಾರಿ ಬೇರೆ ತನ್ನಿ. ಸೋಯಾ ಸಿಪ್ಪೆ ತೆಳುವು: ಚೀಲ ಎತ್ತಿ ಒಗೆದರೆ, ನಾಲ್ಕೈದಕ್ಕಿಂತ ಹೆಚ್ಚು ಚೀಲ ಒಂದರ ಮೇಲೊಂದು ಒಟ್ಟಿದರೆ, ಮಷಿನ್ ವೇಗ ಹೆಚ್ಚಿಟ್ಟು ರಾಶಿ ಮಾಡಿದರೆ ಮೊಳಕೆ ಸಾಯುತ್ತದೆ. ಬೈಲಹೊಂಗಲ ಕಡೆ ಬೀಜ ಇಡುವವರು ರಾಶಿ ದಿನವೇ ಬೀಜದ ಪಾಲನ್ನು ಬೇರೆ ಮಾಡಿ ನಿಧಾನಕ್ಕೆ ಬಡಿಯಬೇಕು.

ಮನೆ ಬೀಜದಲ್ಲಿ ಉಳಿದ ದುಡ್ಡಿನಲ್ಲಿ ಒಂದು ಪಾಲು ಬೀಜೋಪಚಾರಕ್ಕೆ ಇಡಿ. ಜೋಳಕ್ಕೆ ಕಾಡಿಗೆ ರೋಗ ತಡೆಯಲು ಕೆಜಿಗೆ 4 ಗ್ರಾಂ ಗಂಧಕದ ಪುಡಿ. ಕಡಲೆಯ ಸೊರಗು ರೋಗಕ್ಕೆ ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ), ಕೊನೆಯಲ್ಲಿ ರೈಜೋಬಿಯಂ ಮತ್ತು ರಂಜಕ ಕರಗಿಸುವ ಜೀವಾಣು. ನೆರಳಲ್ಲಿ ಆರಿಸಿ ಅಂದೇ ಬಿತ್ತಿ.

ಎಣ್ಣೆ (ಕೀಟನಾಶಕ, ಕಳೆನಾಶಕ) ಹೊಡೆಯುವ ಖರ್ಚು

ತೊಗರಿ, ಕಡಲೆಯ ಕಾಯಿಕೊರಕಕ್ಕೆ ಬೇವಿನ ಬೀಜದ ಕಷಾಯ ನಿಜವಾಗಿ ಸೋವಿ, ಆದರೆ ಹೊತ್ತು ನೋಡಿ ಹೊಡೆದರೆ ಮಾತ್ರ. 5 ಕೆಜಿ ಬೇವಿನ ಬೀಜದ ತಿರುಳು ಕುಟ್ಟಿ 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿ, 100 ಗ್ರಾಂ ಸಾಬೂನು ಪುಡಿ ಸೇರಿಸಿ 100 ಲೀಟರ್ ಮಾಡಬೇಕು. ಸಿಪ್ಪೆಯ ಬೀಜ ಇದರ ಎರಡು ಪಟ್ಟು ಬೇಕು, ಅದನ್ನು ಜೂನ್ ಜುಲೈನಲ್ಲಿ ಆಯ್ದು ಒಣಗಿಸಿ ಇಟ್ಟಿರಬೇಕು. ಬೂಷ್ಟು ಹಿಡಿದ ಬೀಜ ಪ್ರಯೋಜನವಿಲ್ಲ. ಕಷಾಯ ಮಾಡಿದ ದಿನವೇ, ಸಂಜೆ ಹೊಡೆಯಬೇಕು, ಬಿಸಿಲಿಗೆ ಅದರ ಕಹಿ ನಿಲ್ಲುವುದಿಲ್ಲ. ತತ್ತಿ ಮತ್ತು ಸಣ್ಣ ಮರಿಗೆ ಇದು ನಾಟುತ್ತದೆ. ಬೆರಳುದ್ದ ಬೆಳೆದು ಕಾಯಿಯೊಳಗೆ ತಲೆ ಹಾಕಿದ ಹುಳಕ್ಕೆ ನಾಟುವುದಿಲ್ಲ, ಅಲ್ಲಿ ಶಿಫಾರಸಾದ ರಾಸಾಯನಿಕವೇ ಬೇಕು. ಯಾವ ಹೊತ್ತಿಗೆ ಹೊಡೆಯಬೇಕೆಂದು ತಿಳಿಯಲು ಎಕರೆಗೆ ಎರಡು ಮೋಹಕ ಬಲೆ (ಪತಂಗವನ್ನು ವಾಸನೆಯಿಂದ ಸೆಳೆಯುವ ಬಲೆ) ನೆಡಿ. ಪತಂಗ ಬೀಳಲು ಶುರುವಾದ ವಾರವೇ ಮೊದಲ ಸಿಂಪಡಣೆ.

ಕಳೆನಾಶಕದಲ್ಲಿ ಒಂದು ಮಾತು. ಕಡಲೆ ಬಿತ್ತಿದ ಮೇಲೆ ಹೊಡೆಯುವ ಪೆಂಡಿಮೆಥಾಲಿನ್ ಕೆಲಸ ಮಾಡಲು ಮೇಲ್ಮಣ್ಣಿನಲ್ಲಿ ತೇವ ಇರಬೇಕು. ಹಿಂಗಾರಿಯಲ್ಲಿ ಮೇಲಿನ ಎರಡು ಬೆರಳು ಮಣ್ಣು ಆರಿಹೋಗಿದ್ದರೆ ಆ ದುಡ್ಡನ್ನು ಎಡೆಕುಂಟೆಗೆ ಕೊಡಿ. ಕಳೆಯೂ ಹೋಗುತ್ತದೆ, ಬಿರುಕು ಮುಚ್ಚಿ ಒಳಗಿನ ತೇವವೂ ಉಳಿಯುತ್ತದೆ.

ಇಷ್ಟೆಲ್ಲ ಆರಿಸುವ ಮೊದಲು ಮಣ್ಣು ಪರೀಕ್ಷೆ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುಂಚೆ, ಹೊಲದ ಎಂಟು ಹತ್ತು ಕಡೆ ಆರು ಇಂಚು ಆಳ ‘ವಿ’ ಆಕಾರದಲ್ಲಿ ತೋಡಿ, ಬದಿಯ ಮಣ್ಣು ಕೆತ್ತಿ, ಬೆರೆಸಿ ಅರ್ಧ ಕೆಜಿ ಕೊಡಿ. ಬದು, ತಿಪ್ಪೆಯ ಜಾಗ, ಗಿಡದ ನೆರಳು ಬಿಡಿ. ಪ್ರತಿ ವರ್ಷ ಡಿಎಪಿ ಕಂಡ ಹೊಲದಲ್ಲಿ ರಂಜಕ ‘ಹೆಚ್ಚು’ ಅಂತ ಬರುವುದು ಅಪರೂಪವಲ್ಲ. ಹಾಗೆ ಬಂದರೆ ಶಿಫಾರಸಿನ ಕಾಲು ಭಾಗ ಕಡಿಮೆ ಮಾಡಿ, ಬೀಜಕ್ಕೆ ರಂಜಕ ಕರಗಿಸುವ ಜೀವಾಣು ಲೇಪಿಸಿ. ಎಕರೆಗೆ ಒಂದು ಚೀಲ ಹಾಕುವವರಿಗೆ ನಾಲ್ಕು ಎಕರೆಗೆ ಒಂದು ಚೀಲ ಡಿಎಪಿ ಅಲ್ಲೇ ಉಳಿಯಿತು.